ಅಂಕಪಟ್ಟಿ ಹೇಳದ ಒಂದು ಋತು

ಒಂದು ಆಟದ ಋತುವಿನ ಚರಿತ್ರೆಯನ್ನು ಅದರ ಅಂಕಪಟ್ಟಿಯಿಂದ ಬರೆಯಬಹುದೇ? ಸೋಲು ಗೆಲುವುಗಳ ಲೆಕ್ಕವನ್ನು ಬರೆಯಬಹುದು; ಚರಿತ್ರೆಯನ್ನು ಬರೆಯಲಾಗದು ಎಂಬುದೇ ನನ್ನ ಅಭಿಪ್ರಾಯ. ಇದಕ್ಕೆ ನಿದರ್ಶನವಾಗಿ ಕೆನಡಾ ದೇಶದ ಸಣ್ಣದೊಂದು ಪಟ್ಟಣದ ಕಥೆಯನ್ನು ತಮ್ಮ ಮುಂದೆ ಇಡುತ್ತೇನೆ.

ಆ ದೇಶದ ಪಶ್ಚಿಮದ ಬಯಲುಸೀಮೆಯಲ್ಲಿ ಸಸ್ಕ್ಯಾಚೆವಾನ್ ಎಂಬ ಪ್ರಾಂತ್ಯವಿದೆ. ಗೋಧಿ ಬೆಳೆಯುವ ನಾಡು. ದೀರ್ಘವಾದ, ಕಠೋರವಾದ ಚಳಿಗಾಲ. ಗಟ್ಟಿಯಾದ ಮಂಜಿನ ಅಂಗಳದ ಮೇಲೆ ಉಕ್ಕಿನ ಅಲಗಿನ ಪಾದರಕ್ಷೆ ತೊಟ್ಟು ಜಾರುತ್ತ ಆಡುವ ಐಸ್ ಹಾಕಿ ಅಲ್ಲಿಯ ಜನರ ಉಸಿರು. ಹದಿನಾರರಿಂದ ಇಪ್ಪತ್ತರ ವಯಸ್ಸಿನ ಹುಡುಗರಿಗಾಗಿ ಅಲ್ಲಿ ವೆಸ್ಟರ್ನ್ ಹಾಕಿ ಲೀಗ್ ಎಂಬ ಕಿರಿಯರ ಪಂದ್ಯಮಾಲೆಯುಂಟು. ಈ ಹುಡುಗರು ತಂದೆತಾಯಿಯರನ್ನು ಬಿಟ್ಟು, ಪರಊರಿನ ಸಂಸಾರಗಳಲ್ಲಿ ಮನೆಮಕ್ಕಳಂತೆ ಉಳಿದು, ಶಾಲೆಗೆ ಹೋಗುತ್ತ ಆಡುತ್ತಾರೆ. ಊರಿಂದೂರಿಗೆ ನೂರಾರು ಮೈಲಿಗಳ ಪಯಣ, ಬಸ್ಸಿನಲ್ಲಿ.

ಸ್ವಿಫ್ಟ್ ಕರೆಂಟ್ ಪಟ್ಟಣದ ತಂಡದ ಹೆಸರು ಬ್ರಾಂಕೋಸ್. ಹಿಂದೆ ಬೇರೆ ಊರಿಗೆ ಹೋಗಿದ್ದ ತಂಡವು 1986ರಲ್ಲಿ ಮರಳಿ ಬಂದಿತು, ಊರೇ ಹಿಗ್ಗಿತು. ಆ ವರ್ಷದ ಡಿಸೆಂಬರ್ 30ರಂದು ರೆಜೈನಾ ನಗರದ ಪಂದ್ಯಕ್ಕೆ ಹೊರಟ ಬಸ್ಸು, ಊರು ದಾಟುತ್ತಲೇ, ಮಂಜು ಕಟ್ಟಿದ ಹೆದ್ದಾರಿಯಲ್ಲಿ ಹತೋಟಿ ತಪ್ಪಿ ಉರುಳಿತು. ಹಿಂಬದಿಯಲ್ಲಿ ಕುಳಿತಿದ್ದ ನಾಲ್ವರು ಆಟಗಾರರು ತೀರಿಕೊಂಡರು: ಟ್ರೆಂಟ್ ಕ್ರೆಸ್ಸಿ, ಸ್ಕಾಟ್ ಕ್ರೂಗರ್, ಕ್ರಿಸ್ ಮ್ಯಾಂಟಿಕಾ, ಬ್ರೆಂಟ್ ರಫ್. ರಫ್‌ನಿಗೆ ಕೇವಲ ಹದಿನಾರು ವರ್ಷ.

ಉಳಿದ ಹುಡುಗರು ಆಟವನ್ನು ಮುಂದುವರಿಸಲು ನಿರ್ಧರಿಸಿದರು. ಅಂಗಿಯ ಮೇಲೆ ನಾಲ್ಕೆಲೆಯ ಲಾಂಛನವೊಂದು ಸೇರಿತು. ತಂಡವು ಆ ಋತುವಿನ ಪ್ಲೇಆಫ್ ಹಂತವನ್ನೂ ತಲುಪಿತು. 1989ರ ಮೇ ತಿಂಗಳಲ್ಲಿ, ಹೆಚ್ಚುವರಿ ಅವಧಿಯಲ್ಲಿ ಸಸ್ಕಟೂನ್ ತಂಡವನ್ನು 4–3ರಿಂದ ಸೋಲಿಸಿ, ದೇಶದ ಕಿರಿಯರ ಪರಮ ಪ್ರಶಸ್ತಿಯಾದ ಮೆಮೋರಿಯಲ್ ಕಪ್ಪನ್ನು ಗೆದ್ದಿತು. ಬಸ್ಸಿನಲ್ಲಿದ್ದು ಬದುಕಿದ ಜೋ ಸಾಕಿಕ್ ಮುಂದೆ ಜಗತ್ಪ್ರಸಿದ್ಧ ಆಟಗಾರನಾದನು. ಲೀಗಿನ ಶ್ರೇಷ್ಠ ಆಟಗಾರನಿಗೆ ಕೊಡುವ ಪಾರಿತೋಷಕಕ್ಕೆ ಆ ನಾಲ್ವರ ಸ್ಮರಣೆಯ ಹೆಸರು ಬಂದಿತು. ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದೊಂದು ಅಪ್ಪಟ ವೀರರಸದ ಕಥೆ. ಬಹುಕಾಲ ಹಾಗೆಯೇ ಹೇಳಲ್ಪಟ್ಟಿತು ಕೂಡ.

ಆದರೆ 1997ರಲ್ಲಿ ಇನ್ನೊಂದು ಅಧ್ಯಾಯ ತೆರೆಯಿತು. ಅದೇ ತಂಡದ ತರಬೇತುದಾರನಾಗಿದ್ದ ಗ್ರಹಾಂ ಜೇಮ್ಸ್, ಎಳೆಯ ಆಟಗಾರರ ಮೇಲೆ ಎಸಗಿದ ಲೈಂಗಿಕ ದೌರ್ಜನ್ಯವನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡು ಮೂರೂವರೆ ವರ್ಷಗಳ ಶಿಕ್ಷೆಗೆ ಗುರಿಯಾದನು. ಆ ಬಸ್ಸಿನಲ್ಲೇ ಇದ್ದ ಷೆಲ್ಡನ್ ಕೆನಡಿ ಧೈರ್ಯದಿಂದ ಬಾಯಿ ತೆರೆದನು. ದುರಂತದ ತರುವಾಯ ಆ ಹುಡುಗರಿಗೆ ಮನಸ್ಸಿನ ನೋವನ್ನು ಬಿಚ್ಚಿಡಲು ತಜ್ಞರ ನೆರವು ದೊರೆಯಲಿಲ್ಲವೆಂಬುದನ್ನು ಬದುಕಿದವರು ಹೇಳಿದರು. ಆಡುತ್ತ ದುಃಖ ಮರೆಯಿರಿ ಎಂಬುದೇ ಆಗಿನ ನೀತಿ. ಹುಡುಗರ ಆ ಮೌನವನ್ನೇ ಧೈರ್ಯವೆಂದು ಜನರು ಹೊಗಳಿದ್ದರು.

ಆಡಿದ ಹುಡುಗರ ಸ್ಥೈರ್ಯ ಸುಳ್ಳಲ್ಲ. ಆದರೆ ಸ್ಥೈರ್ಯವನ್ನು ಹೊಗಳುವ ಸಮಾಜವು, ಆ ಸ್ಥೈರ್ಯದ ಹಿಂದೆ ಏನು ಹುದುಗಿದೆಯೆಂದು ಕೇಳಬೇಕಾದ ತನ್ನ ಕರ್ತವ್ಯವನ್ನು ಮರೆಯಬಾರದು. ಮನೆಬಿಟ್ಟು ಬಂದ ಎಳೆಯರು ಹಿರಿಯರ ಕೈಯಲ್ಲಿರುವಾಗ ಈ ಕರ್ತವ್ಯ ಇಮ್ಮಡಿಯಾಗುತ್ತದೆ.

2018ರ ಏಪ್ರಿಲ್ 6ರಂದು ಅದೇ ಪ್ರಾಂತ್ಯದ ಹಂಬೋಲ್ಟ್ ಪಟ್ಟಣದ ಕಿರಿಯರ ತಂಡದ ಬಸ್ಸು ಲಾರಿಯೊಂದಕ್ಕೆ ಡಿಕ್ಕಿ ಹೊಡೆದು ಹದಿನಾರು ಮಂದಿ ಅಸುನೀಗಿದರು. ಆಗ 1986ರ ಬಸ್ಸಿನಿಂದ ಬದುಕುಳಿದ ಕೆಲವರು, ಕೆನಡಿಯೂ ಸೇರಿ, ಆ ಊರಿಗೆ ಧಾವಿಸಿದರು. ತಮಗೆ ಅಂದು ಯಾರಿಂದಲೂ ಸಿಗದಿದ್ದ ಒತ್ತಾಸೆಯನ್ನು ಅವರು ಇತರರಿಗೆ ನೀಡಬಂದರು. ಆ ಋತುವಿನ ನಿಜವಾದ ಗೆಲುವು ಯಾವುದೆಂದು ನನ್ನನ್ನು ಕೇಳಿದರೆ, ಕಪ್ಪಿಗಿಂತ ಮೊದಲು ಈ ಪಯಣವನ್ನೇ ಹೆಸರಿಸುತ್ತೇನೆ.