ಮುಂಬಯಿಯಿಂದ ಅಂಕೋಲೆಗೆ: ದಿನಕರ ದೇಸಾಯಿಯವರ ಶಾಲೆಗಳು

ಉತ್ತರ ಕನ್ನಡದ ಕರಾವಳಿಯವರಿಗೆ ಮುಂಬಯಿಯು ಪರಸ್ಥಳವಾಗಿದ್ದರೂ ಪರದೇಶವೆನಿಸಿರಲಿಲ್ಲ. 1862ನೆಯ ಇಸವಿಯಲ್ಲಿ ಜಿಲ್ಹೆಯು ಮದ್ರಾಸ ಇಲಾಖೆಯನ್ನು ಬಿಟ್ಟು ಮುಂಬಯಿ ಇಲಾಖೆಗೆ ಸೇರಿದಂದಿನಿಂದ ಕಚೇರಿ, ಕೋರ್ಟು, ಕಾಲೇಜು, ವ್ಯಾಪಾರಗಳ ದಾರಿಯೆಲ್ಲ ಆ ಪಟ್ಟಣದತ್ತಲೇ ತಿರುಗಿದ್ದಿತು. ಕಾರವಾರದ ಬಂದರದಲ್ಲಿ ಆಗಬೋಟು ಹತ್ತಿದವರಲ್ಲಿ ಕೆಲವರು ಕಾರಕೂನರಾದರು, ಕೆಲವರು ಖಾನಾವಳಿಗಳಲ್ಲಿ ದುಡಿದರು, ಕೆಲವರು ಹಡಗಿನ ಖಲಾಸಿಗಳಾಗಿ ಮತ್ತಷ್ಟು ದೂರ ಹೋದರು. ಮಳೆಗಾಲದಲ್ಲಿ ಆಗಬೋಟು ನಿಂತುಹೋದರೆ ಘಟ್ಟ ಹತ್ತಿ ರೇಲ್ವೆಯನ್ನು ಹಿಡಿಯಬೇಕಾಗುತ್ತಿದ್ದಿತು. ಹೀಗೆ ಹೋದವರು ಊರನ್ನು ಮರೆತರೆಂದು ಹೇಳಲಾಗದು. ಮನೆಗೆ ಮನಿಯಾರ್ಡರು, ದೇವಸ್ಥಾನಕ್ಕೆ ಕಾಣಿಕೆ ಬರುತ್ತಲೇ ಇದ್ದುವು. ಮುಂಬಯಿಯಲ್ಲಿ ನೆಲಸಿ ಊರಿಗೆ ಶಾಲೆಗಳನ್ನೇ ಕಟ್ಟಿಸಿಕೊಟ್ಟವರಲ್ಲಿ ಮೊದಲು ನೆನೆಯಬೇಕಾದ ಹೆಸರು ದಿನಕರ ದೇಸಾಯಿಯವರದು.

ಗಡಿಯಾರವನ್ನು ಕುರಿತ ಅವರ ಶಿಶುಗೀತೆಯನ್ನು ಹಾಡದ ಕನ್ನಡ ಮಕ್ಕಳು ವಿರಳ. ಹಿರಿಯರು ಅವರನ್ನು ಚುಟುಕಗಳ ಕವಿಯೆಂದು ಬಲ್ಲರು. ಅಂಕೋಲೆಯ ಶಾಲಾಮಾಸ್ತರರ ಮನೆಯಲ್ಲಿ 1909ನೆಯ ಇಸವಿ ಸಪ್ಟಂಬರ 10ರಂದು ಹುಟ್ಟಿದ ಈ ಬಾಲಕನು ಅಂಕೋಲೆ, ಕಾರವಾರಗಳಲ್ಲಿ ಓದಿ, ಬೆಂಗಳೂರು, ಮೈಸೂರುಗಳನ್ನು ಕಂಡು, ಕಡೆಗೆ ಮುಂಬಯಿಯನ್ನು ಸೇರಿ ಇತಿಹಾಸದಲ್ಲಿ ಎಂ.ಎ. ಪದವಿಯನ್ನೂ ಕಾಯದೆಯ ಪದವಿಯನ್ನೂ ಪಡೆದನು. ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರರನ್ನು ಕುರಿತು ಅವರು ಬರೆದ ಸಂಶೋಧನ ಗ್ರಂಥವು 1951ರಲ್ಲಿ ಅಚ್ಚಾಯಿತು. ಇಂಥ ವಿದ್ವತ್ತುಳ್ಳವರಿಗೆ ಪ್ರಾಧ್ಯಾಪಕ ಪದವಿಯೂ ವಕೀಲಿಯೂ ದುರ್ಲಭವಾಗಿರಲಿಲ್ಲ. ಅವರು ಎರಡನ್ನೂ ಬಿಟ್ಟು ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸಾಯಟಿಯನ್ನು, ಎಂದರೆ ಭಾರತ ಸೇವಕ ಸಮಾಜವನ್ನು, ಸೇರಿದರು.

ಆ ಸಮಾಜದ ಸದಸ್ಯನು ಏಳು ಪ್ರತಿಜ್ಞೆಗಳನ್ನು ಮಾಡಬೇಕಾಗಿದ್ದಿತು. ಸಮಾಜವು ಕೊಟ್ಟಷ್ಟರಲ್ಲಿ ತನ್ನ ಸಂಸಾರವನ್ನು ತೂಗಿಸಿಕೊಂಡು, ತನಗಾಗಿ ಹಣ ಗಳಿಸುವದರಲ್ಲಿ ತನ್ನ ಶಕ್ತಿಯ ಯಾವ ಅಂಶವನ್ನೂ ವ್ಯಯ ಮಾಡುವದಿಲ್ಲವೆಂಬುದು ಅವುಗಳಲ್ಲೊಂದು. ತನಗಾಗಿ ಒಂದು ಕಾಸನ್ನೂ ಗಳಿಸೆನೆಂದ ಮನುಷ್ಯನು ಮುಂದಿನ ಆಯುಷ್ಯದ ಬಹುಭಾಗವನ್ನು ಶಾಲೆಗಳಿಗಾಗಿ ಹಣ ಕೂಡಿಸುವದರಲ್ಲಿಯೇ ಕಳೆಯಬೇಕಾಯಿತೆಂಬುದು ವಿಚಿತ್ರವಾದರೂ ನಿಜ.

ಗೋಖಲೆಯವರ ಋಣವು ಇಷ್ಟಕ್ಕೇ ಮುಗಿಯಲಿಲ್ಲ. ಪ್ರಾಥಮಿಕ ಶಿಕ್ಷಣವನ್ನು ಕ್ರಮಕ್ರಮವಾಗಿ ಕಡ್ಡಾಯ ಮಾಡಬೇಕೆಂದು ಅವರು 1911ರಲ್ಲಿ ವೈಸರಾಯರ ಶಾಸನಸಭೆಯಲ್ಲಿ ಮಂಡಿಸಿದ ಮಸೂದೆಯು, ಮರುವರ್ಷದ ಮಾರ್ಚಿಯಲ್ಲಿ 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ವಿರೋಧಿಸಿದವರೆಲ್ಲ ಆಂಗ್ಲ ಅಧಿಕಾರಿಗಳೇ ಆಗಿದ್ದರೆ ಸಮಾಧಾನಪಟ್ಟುಕೊಳ್ಳಬಹುದಾಗಿದ್ದಿತು. ನಮ್ಮ ಭೂಮಾಲಿಕರಲ್ಲಿಯೂ ಕೆಲವರು ಅವರ ಜೊತೆಗೆ ಕೈಯೆತ್ತಿದರು. ಒಕ್ಕಲ ಮಗನು ಅಕ್ಷರ ಕಲಿತರೆ ನೇಗಿಲು ಹಿಡಿಯುವವರು ಯಾರು ಎಂಬ ಅಂಜಿಕೆಯು ಆ ಕಾಲದ ಸಿರಿವಂತರನ್ನು ಬಿಟ್ಟಿರಲಿಲ್ಲ. 1918ರಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಮುಂಬಯಿ ಇಲಾಖೆಯಲ್ಲಿ ಕಾಯದೆಯೇನೋ ಬಂದಿತು; ಅದು ಮುನಿಸಿಪಾಲಿಟಿಗಳ ಇಚ್ಛೆಗೆ ಬಿಟ್ಟದ್ದಾದ್ದರಿಂದ ಹಳ್ಳಿಯ ಹುಡುಗನಿಗೆ ಅದರ ಫಲ ಮುಟ್ಟಲಿಲ್ಲ. ದೇಸಾಯಿಯವರು ಭಾರತದ ಪ್ರಾಥಮಿಕ ಶಿಕ್ಷಣವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಪುಸ್ತಕವನ್ನು ಸಮಾಜವು 1938ರಲ್ಲಿ ಪ್ರಕಟಿಸಿತು. ಶಾಲೆ ಕಟ್ಟುವದಕ್ಕೆ ಎಷ್ಟೋ ಮೊದಲೇ ಶಾಲೆಯ ಲೆಕ್ಕಾಚಾರವನ್ನು ಅವರು ಮನಸ್ಸಿನಲ್ಲಿ ಹಾಕಿಕೊಂಡಿದ್ದರು.

ಮುಂಬಯಿಯಲ್ಲಿ ಅವರ ಪಾಲಿಗೆ ಬಂದ ಕೆಲಸ ಹಡಗಿನ ನಾವಿಕರದು. ಹಡಗಿನ ಚಾಕರಿಗಾಗಿ ದಲಾಲರಿಗೆ ಲಂಚ ತೆತ್ತು, ತಿಂಗಳುಗಟ್ಟಲೆ ಕಾದು, ಕಡೆಗೆ ಓದಲು ಬಾರದ ಕರಾರಿಗೆ ಹೆಬ್ಬೆಟ್ಟು ಒತ್ತುವ ಈ ಜನರನ್ನು ಸಂಘಟಿಸುವದರಲ್ಲಿ ಅವರು ಅನೇಕ ವರ್ಷ ದುಡಿದರು; ನಾವಿಕರ ಸ್ಥಿತಿಗತಿಗಳನ್ನು ಕುರಿತು ಒಂದು ಪುಸ್ತಕವನ್ನೂ ಬರೆದರು. ಹೆಬ್ಬೆಟ್ಟಿನ ಬೆಲೆಯೇನೆಂಬುದನ್ನು ಅವರು ಅಲ್ಲಿ ಕಂಡರು. ಊರಿಗೆ ಬಂದರೆ ಅಲ್ಲಿಯೂ ಅದೇ ಹೆಬ್ಬೆಟ್ಟು.

ಅಂಕೋಲೆಯ ಒಕ್ಕಲುತನದ ಬಗೆಯನ್ನು ತಿಳಿಯದೆ ಈ ಮಾತಿನ ಅರ್ಥವಾಗದು. ಕನ್ನಡ ಜಿಲ್ಹೆಯಲ್ಲಿ ಮೂಲಗೇಣಿ, ಚಾಲಗೇಣಿಗಳೆಂದು ಎರಡು ಬಗೆಯ ಗೇಣಿ. ಮೂಲಗೇಣಿಯವನ ಹಕ್ಕು ಶಾಶ್ವತ. ಚಾಲಗೇಣಿಯವನಾದರೋ ಒಡೆಯನ ಮರ್ಜಿ ಇರುವವರೆಗೆ ಮಾತ್ರ ಗದ್ದೆಯಲ್ಲಿ ಕಾಲಿಡಬಹುದು. ಹಾಲಕ್ಕಿ ಒಕ್ಕಲು ಮೊದಲಾದ ಬಡ ಜನರಲ್ಲಿ ಬಹು ಮಂದಿ ಈ ಎರಡನೆಯ ಗುಂಪಿನವರು. ಗೇಣಿಯ ಭತ್ತವನ್ನು ಅಳೆದುಕೊಟ್ಟರೂ ಪಾವತಿ ಕೇಳುವ ಧೈರ್ಯವಿಲ್ಲ. ಕೊಟ್ಟ ಪಾವತಿಯಲ್ಲಿ ಏನು ಬರೆದಿದೆಯೆಂದು ಓದುವ ಶಕ್ತಿಯಿಲ್ಲ. ಇದೇ ತಾಲೂಕು 1930ನೆಯ ಇಸವಿ ಏಪ್ರಿಲ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯದೆಯನ್ನು ಮುರಿದಿದ್ದಿತು. ಮುಂದೆ ಕರನಿರಾಕರಣೆಯಲ್ಲಿ ಭೂಮಿಯನ್ನೂ ಕಳೆದುಕೊಂಡಿದ್ದಿತು. ಸರಕಾರಕ್ಕೆ ಅಂಜದ ಆ ನೆಲದಲ್ಲಿ ಒಕ್ಕಲು ಮಾತ್ರ ಒಡೆಯನಿಗೆ ಅಂಜಿಕೊಂಡಿರುವದು ದೇಸಾಯಿಯವರಿಗೆ ಸಹಿಸಲಿಲ್ಲ. ಉಳುವವನೇ ಹೊಲದೊಡೆಯನಾಗಬೇಕೆಂಬ ಮಾತನ್ನೆತ್ತಿ ಅವರು ರೈತರನ್ನು ಕೂಡಿಸತೊಡಗಿದರು. 1940ರ ಸುಮಾರಿಗೆ ಸರಕಾರವು ಅವರನ್ನು ಜಿಲ್ಹೆಯಿಂದ ಗಡೀಪಾರು ಮಾಡಿತು. ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ಬಹಳ ಮಂದಿ. ಊರಿನ ಮೇಲಣ ಪ್ರೀತಿಗಾಗಿ ಊರಿನಿಂದ ಹೊರದೂಡಿಸಿಕೊಂಡವರು ಕೆಲವರೇ.

ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ಮುಂಬಯಿ ಸರಕಾರದ ಗೇಣಿ ಕಾಯದೆ ಬಂದಿತು. ಕಾಗದದ ಮೇಲೆ ಒಕ್ಕಲಿಗೆ ರಕ್ಷಣೆ ದೊರೆಯಿತು. ಕಾಗದವನ್ನು ಓದಬಲ್ಲವನಿಗೆ ಮಾತ್ರ ಕಾಗದದ ರಕ್ಷಣೆ. ರೈತ ಚಳವಳಿಯಿಂದ ಶಾಲೆಯ ಕೆಲಸಕ್ಕೆ ದೇಸಾಯಿಯವರು ತಿರುಗಿದ್ದನ್ನು ಕೆಲವರು ಹೋರಾಟದಿಂದ ಹಿಂಜರಿದಂತೆ ಭಾವಿಸುವದುಂಟು. ಹೋರಾಟವು ಗದ್ದೆಯ ಅಂಚಿನಿಂದ ಶಾಲೆಯ ಹಲಗೆಯ ಮುಂದಕ್ಕೆ ಸರಿಯಿತೆನ್ನುವದೇ ಹೆಚ್ಚು ನ್ಯಾಯ.

1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟು ಹುಟ್ಟಿತು. ಅಂಕೋಲೆಯಲ್ಲಿ ಪೀಪಲ್ಸ್ ಹೈಸ್ಕೂಲು, ಆ ಬಳಿಕ ಕರಾವಳಿಯ ಊರುಗಳಲ್ಲಿ ಜನತಾ ವಿದ್ಯಾಲಯಗಳು ತಲೆಯೆತ್ತಿದುವು. ಆ ಹೆಸರುಗಳನ್ನೇ ಗಮನಿಸಬೇಕು: ಇಂಗ್ಲಿಷಾದರೂ ಕನ್ನಡವಾದರೂ ಅವು ಜನರ ಶಾಲೆಗಳು. ಅಂಕೋಲೆ ತಾಲೂಕಿನ ಇನ್ನೊಂದು ಶಾಲೆಗೆ ಸತ್ಯಾಗ್ರಹ ಸ್ಮಾರಕ ವಿದ್ಯಾಲಯವೆಂದು ಹೆಸರಾಯಿತು. ಘಟ್ಟದ ಮೇಲೆ ಕಾಗದದ ಕಾರಖಾನೆಯಿಂದ ಬೆಳೆದ ದಾಂಡೇಲಿಯಲ್ಲಿಯೂ ಟ್ರಸ್ಟಿನ ಜನತಾ ವಿದ್ಯಾಲಯವು ನೆಲೆಗೊಂಡಿತು. ಹಲವು ನಾಡುಗಳಿಂದ ಕೂಲಿಗೆಂದು ಬಂದವರ ಮಕ್ಕಳಿರುವ ಅಂಥ ಪಟ್ಟಣಕ್ಕೆ ಶಾಲೆಯ ಅವಶ್ಯಕತೆ ಹಳ್ಳಿಗಿಂತ ಕಡಿಮೆಯದಲ್ಲ.

ಶಾಲೆಯನ್ನು ತೆರೆಯುವದಕ್ಕಿಂತ ಅದು ಮುಚ್ಚದಂತೆ ನೋಡಿಕೊಳ್ಳುವದೇ ಕಠಿಣ. ಸರಕಾರದ ಅನುದಾನವು ಮೊದಲು ಖರ್ಚು ಮಾಡಿ ತೋರಿಸಿದವರಿಗೆ ಬರತಕ್ಕದ್ದು. ಮಾಸ್ತರರ ಸಂಬಳ, ಹಂಚು, ಬೆಂಚು, ನಕಾಶೆಗಳ ಹಣವನ್ನೆಲ್ಲ ಮುಂಚಿತವಾಗಿ ಯಾರಾದರೂ ಹಾಕಬೇಕು. ಸಿರಿವಂತರ ಊರಿನಲ್ಲಿ ಇದು ವರ್ಗಣಿಯಿಂದ ಸಾಗೀತು. ಗೇಣಿ ಕೊಟ್ಟು ಉಳಿದ ಭತ್ತದಲ್ಲಿ ಮಳೆಗಾಲವನ್ನು ದಾಟಿಸುವ ಊರಿನಲ್ಲಿ ವರ್ಗಣಿ ಕೇಳುವದು ಯಾರನ್ನು? ಇಂಥಲ್ಲಿ ದೇಸಾಯಿಯವರ ಮುಂಬಯಿಯ ವಾಸವು ಕೆಲಸಕ್ಕೆ ಬಂದಿತು. ಅಲ್ಲಿಯ ಪರಿಚಯ, ಅಲ್ಲಿಯ ಉದಾರಿಗಳ ವಿಶ್ವಾಸ, ಕಾರ್ಮಿಕ ಸಂಘವನ್ನು ನಡೆಸಿದವನಿಗೆ ಸಹಜವಾದ ಲೆಕ್ಕಪತ್ರಗಳ ಶಿಸ್ತು, ಇವು ಅಂಕೋಲೆಯಲ್ಲಿಯೇ ಕುಳಿತವರಿಗೆ ಒದಗುವಂಥವಲ್ಲ. ಊರಿನಲ್ಲಿ ನಿಲ್ಲಲಿಲ್ಲವೆಂದು ಅವರನ್ನು ಆಕ್ಷೇಪಿಸುವವರು ಇದನ್ನು ಮರೆಯಬಾರದು. ಹಾಗೆಯೇ, ದಿನನಿತ್ಯವೂ ಊರಿನಲ್ಲಿ ನಿಂತು, ನೆಟ್ಟಿಯ ಕಾಲದಲ್ಲಿ ಶಾಲೆ ತಪ್ಪಿಸಿದ ಹುಡುಗರನ್ನು ಗದ್ದೆಯಿಂದ ಕರೆತಂದ ಮಾಸ್ತರರ ಪಾಲನ್ನು ದೇಸಾಯಿಯವರ ಲೆಕ್ಕಕ್ಕೆ ಸೇರಿಸುವದೂ ಸಲ್ಲದು.

1966ರಲ್ಲಿ, ಗೋಖಲೆಯವರು ಹುಟ್ಟಿ ನೂರು ವರ್ಷಗಳಾದಾಗ, ಅಂಕೋಲೆಯಲ್ಲಿ ಗೋಖಲೆ ಶತಾಬ್ದಿ ಕಾಲೇಜು ಪ್ರಾರಂಭವಾಯಿತು. 1912ರಲ್ಲಿ ವೈಸರಾಯರ ಶಾಸನಸಭೆಯು ತಿರಸ್ಕರಿಸಿದ ಮಾತಿಗೆ ಅರಬ್ಬೀ ಸಮುದ್ರದ ದಂಡೆಯ ಸಣ್ಣ ಪಟ್ಟಣವೊಂದು ಕೊಟ್ಟ ಉತ್ತರವಿದು. ಮರುವರ್ಷದ ಚುನಾವಣೆಯಲ್ಲಿ ಜಿಲ್ಹೆಯ ಜನರು ದೇಸಾಯಿಯವರನ್ನು ಪಕ್ಷೇತರರನ್ನಾಗಿಯೇ ಲೋಕಸಭೆಗೆ ಕಳಿಸಿದರು. ಆ ಅಧ್ಯಾಯದ ಬಗ್ಗೆ ಇಲ್ಲಿ ವಿಸ್ತರಿಸಬೇಕಾದದ್ದಿಲ್ಲ.

1974ನೆಯ ಇಸವಿ ಮಾರ್ಚಿ 1ರಿಂದ ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿಯು ಜಾರಿಗೆ ಬಂದಿತು. ಗೇಣಿದಾರನು ಏಳನೆಯ ನಮೂನೆಯ ಅರ್ಜಿಯನ್ನು ತುಂಬಿ ನ್ಯಾಯಮಂಡಳಿಯ ಮುಂದೆ ತನ್ನ ಸಾಗುವಳಿಯನ್ನು ತೋರಿಸಬೇಕಾಗಿದ್ದಿತು. ಸರ್ವೆ ನಂಬರನ್ನು ಓದಿ ಅರ್ಜಿ ಬರೆಯಬಲ್ಲ ಮಗನೋ ಮಗಳೋ ಮನೆಯಲ್ಲಿದ್ದ ಒಕ್ಕಲು ಇದಕ್ಕಾಗಿ ಇನ್ನೊಬ್ಬರ ಅಂಗಳದಲ್ಲಿ ಕಾಯಬೇಕಾಗಿರಲಿಲ್ಲ.

ದೇಸಾಯಿಯವರು 1982ನೆಯ ಇಸವಿ ನವಂಬರ 6ರಂದು ತೀರಿಕೊಂಡರು. ಅಂಕೋಲೆಯ ಕಾಲೇಜು ಇಂದಿಗೂ ಗೋಖಲೆಯವರ ಹೆಸರಿನಲ್ಲಿಯೇ ನಡೆದಿದೆ.