ಕಾರಿನ ಮೀಟರ್ ಬಲ್ಬ್ ತೆಗೆದು ಎಲ್‌ಇಡಿ ಹಾಕಬಹುದೇ? ಬ್ಯಾಟರಿ ಚಿಹ್ನೆಯ ಕೆಂಪು ದೀಪ ಮುಟ್ಟುವ ಮೊದಲು ಇದನ್ನು ಓದಿ

ಹಳೆಯ ಕಾರಿನ ಮಂಕಾದ ಮೀಟರ್ ಬಿಚ್ಚಿ, ಒಳಗಿನ ಪುಟ್ಟ ಬಲ್ಬುಗಳನ್ನು ತೆಗೆದು, ಎಲ್‌ಇಡಿ ಸಿಕ್ಕಿಸಿ, ಕೀ ತಿರುಗಿಸಿದೊಡನೆ ಇಡೀ ಡ್ಯಾಶ್‌ಬೋರ್ಡ್ ನೀಲಿಯಾಗಿ ಹೊಳೆಯುವ ಕಿರು ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಅವುಗಳ ಜೊತೆ ಓಡಾಡುವ ಮಾತುಗಳೂ ಪರಿಚಿತವೇ: ಮೈಲೇಜ್ ಹೆಚ್ಚುತ್ತದೆ, ಎಲ್‌ಇಡಿ ಬಿಸಿಯೇ ಆಗುವುದಿಲ್ಲ, ಒಮ್ಮೆ ಹಾಕಿದರೆ ಜೀವನಪೂರ್ತಿ ಬರುತ್ತದೆ, ಮನೆಯಲ್ಲೇ ಯಾರು ಬೇಕಾದರೂ ಹಾಕಿಕೊಳ್ಳಬಹುದು.

ಇವುಗಳಲ್ಲಿ ಎಷ್ಟು ನಿಜ ಎಂದು ನಾವು ಪರಿಶೀಲಿಸಿದೆವು. ಚುಟುಕಾಗಿ ಹೇಳುವುದಾದರೆ, ಮೀಟರಿನ ಅಂಕಿಗಳಿಗೆ ಹಿಂದಿನಿಂದ ಬೆಳಕು ಕೊಡುವ ಬಲ್ಬುಗಳನ್ನು ಎಲ್‌ಇಡಿಗೆ ಬದಲಿಸಬಹುದು, ಅದರಿಂದ ದೊಡ್ಡ ತೊಂದರೆ ಇಲ್ಲ. ಆದರೆ ಎಚ್ಚರಿಕೆ ದೀಪಗಳನ್ನು, ಅದರಲ್ಲೂ ಬ್ಯಾಟರಿ ಚಿಹ್ನೆಯ ಕೆಂಪು ದೀಪವನ್ನು ಅದೇ ಉತ್ಸಾಹದಲ್ಲಿ ಬದಲಿಸಿದರೆ ರಾತ್ರಿ ನಡುರಸ್ತೆಯಲ್ಲಿ ಕಾರು ನಿಲ್ಲುವ ಸಾಧ್ಯತೆ ಇದೆ. ಕಾರಣವನ್ನು ಮುಂದೆ ವಿವರವಾಗಿ ನೋಡೋಣ.

ನಿಮ್ಮ ಕಾರಿನಲ್ಲಿ ಬಲ್ಬ್ ಇದೆಯೇ?

ಮೊದಲು ಇದನ್ನು ಖಚಿತಪಡಿಸಿಕೊಳ್ಳಿ. ಇತ್ತೀಚಿನ ಬಹುತೇಕ ಕಾರುಗಳಲ್ಲಿ ಮೀಟರ್ ಒಳಗಿನ ಬೆಳಕು ಈಗಾಗಲೇ ಎಲ್‌ಇಡಿ. ಅದನ್ನು ಸರ್ಕ್ಯೂಟ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ತಿರುಗಿಸಿ ತೆಗೆಯುವ ಬಲ್ಬ್ ಇರುವುದಿಲ್ಲ. ಅಂಥ ಕಾರಿನ ಮಾಲೀಕರು ಇಂಥ ವಿಡಿಯೊ ನೋಡಿ ಮೀಟರ್ ಬಿಚ್ಚಿದರೆ ಪ್ಲಾಸ್ಟಿಕ್ ಕ್ಲಿಪ್ ಮುರಿದುಕೊಳ್ಳುವುದಷ್ಟೇ ಲಾಭ.

ಇಲ್ಲಿನ ಮಾತು ಅನ್ವಯಿಸುವುದು ಹಳೆಯ ಕಾರುಗಳಿಗೆ. 2014ರಲ್ಲಿ ತಯಾರಿಕೆ ನಿಂತ ಮಾರುತಿ 800, ಅದೇ ವರ್ಷ ನಿಂತ ಅಂಬಾಸಿಡರ್ ಮತ್ತು ಆ ಕಾಲದ ಇತರ ಗಾಡಿಗಳ ಮೀಟರ್ ಹಿಂದೆ, ಎಸಿ ಗುಂಡಿಗಳ ಹಿಂದೆ, ಸ್ವಿಚ್ಚುಗಳ ಒಳಗೆ ಫಿಲಮೆಂಟ್ ಇರುವ ಚಿಕ್ಕ ಬಲ್ಬುಗಳಿವೆ. ಒಂದೊಂದೂ ಸಾಮಾನ್ಯವಾಗಿ 1.2ರಿಂದ 5 ವ್ಯಾಟ್. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಟಿ5, ಟಿ10 ಎಂದು ಕೇಳಿದರೆ ಕೊಡುತ್ತಾರೆ. ಟಿ10 ಎಂದರೆ ಬಲ್ಬಿನ ದಪ್ಪ ಸುಮಾರು 10 ಮಿಲಿಮೀಟರ್.

ಮೈಲೇಜ್ ಹೆಚ್ಚುತ್ತದೆಯೇ?

ಲೆಕ್ಕ ಹಾಕೋಣ. 2 ವ್ಯಾಟ್‌ನ ಹತ್ತು ಬಲ್ಬ್ ಎಂದರೆ 20 ವ್ಯಾಟ್. ಅವುಗಳ ಜಾಗದಲ್ಲಿ ಬರುವ ಎಲ್‌ಇಡಿಗಳು ಒಟ್ಟು 3 ವ್ಯಾಟ್ ತಿನ್ನುತ್ತವೆ ಎಂದುಕೊಂಡರೆ ಉಳಿತಾಯ 17 ವ್ಯಾಟ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್‌ನಷ್ಟು ಶಕ್ತಿ ಇದೆ. ಎಂಜಿನ್ ಮತ್ತು ಆಲ್ಟರ್ನೇಟರ್‌ನಲ್ಲಿ ಪೋಲಾಗಿ ಅದರಲ್ಲಿ ಆರೇಳರಲ್ಲಿ ಒಂದು ಪಾಲು ಮಾತ್ರ ವಿದ್ಯುತ್ತಾಗಿ ಕೈಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಆಗ ಒಂದು ಗಂಟೆ ದೀಪ ಹಾಕಿಕೊಂಡು ಓಡಿಸಿದರೆ ಉಳಿಯುವ ಪೆಟ್ರೋಲ್ ಸುಮಾರು 13 ಮಿಲಿಲೀಟರ್. ಲೀಟರಿಗೆ 100 ರೂಪಾಯಿಯಂತೆ 1 ರೂಪಾಯಿ 30 ಪೈಸೆ! ಹಗಲಿನಲ್ಲಿ ಅದೂ ಇಲ್ಲ. ಟೈರಿನ ಗಾಳಿ ಸರಿಯಾಗಿ ಇಟ್ಟುಕೊಂಡರೆ ಇದಕ್ಕಿಂತ ಹೆಚ್ಚು ಉಳಿಯುತ್ತದೆ.

ಬ್ಯಾಟರಿ ದೀಪ ಬರೀ ದೀಪವಲ್ಲ

ಫಾರ್ವರ್ಡ್‌ಗಳಲ್ಲಿ ಎಲ್ಲೂ ಕಾಣಿಸದ, ಆದರೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದು.

ಕೀ ತಿರುಗಿಸಿದಾಗ ಮೀಟರಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಿ, ಎಂಜಿನ್ ಶುರುವಾದ ಕೂಡಲೇ ಆರುತ್ತದೆ. ಇದು ನಮಗೆ ಸುದ್ದಿ ಕೊಡಲು ಇರುವ ದೀಪ ಎಂದೇ ಎಲ್ಲರೂ ತಿಳಿದಿರುತ್ತಾರೆ. ಆದರೆ ಅನೇಕ ಹಳೆಯ ಕಾರುಗಳಲ್ಲಿ ಅದು ಚಾರ್ಜಿಂಗ್ ವ್ಯವಸ್ಥೆಯ ಒಂದು ಭಾಗವೂ ಹೌದು.

ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಒಳಗೆ ತಿರುಗುವ ತಂತಿ ಸುರುಳಿ ಇದೆ. ಅದು ಅಯಸ್ಕಾಂತವಾದರೆ ಮಾತ್ರ ವಿದ್ಯುತ್ ಹುಟ್ಟುತ್ತದೆ. ಅಯಸ್ಕಾಂತವಾಗಲು ಮೊದಲಿಗೆ ಸ್ವಲ್ಪ ವಿದ್ಯುತ್ತನ್ನು ಹೊರಗಿನಿಂದ ಕೊಡಬೇಕು. ಕೈಪಂಪಿಗೆ ಮೊದಲು ಒಂದು ಚೊಂಬು ನೀರು ಸುರಿದು ಆಮೇಲೆ ಒತ್ತುತ್ತಾರಲ್ಲ, ಹಾಗೆ. ಹಳೆಯ ಕಾರುಗಳಲ್ಲಿ ಈ ಚೊಂಬು ನೀರು ಬರುವುದು ಬ್ಯಾಟರಿಯಿಂದ ಹೊರಟು, ಆ ಕೆಂಪು ಬಲ್ಬಿನ ಮೂಲಕವೇ ಹಾದು. ಆಲ್ಟರ್ನೇಟರ್ ಕೆಲಸ ಶುರುಮಾಡಿದ ಮೇಲೆ ಬಲ್ಬಿನ ಎರಡೂ ತುದಿಯಲ್ಲಿ ಒಂದೇ ವೋಲ್ಟೇಜ್ ಇರುವುದರಿಂದ ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ, ದೀಪ ಆರುತ್ತದೆ.

2 ವ್ಯಾಟ್ ಬಲ್ಬಿನಲ್ಲಿ ಸುಮಾರು 170 ಮಿಲಿಆಂಪಿಯರ್ ಹರಿಯುತ್ತದೆ. ಅದರ ಜಾಗಕ್ಕೆ ಬರುವ ಚಿಕ್ಕ ಎಲ್‌ಇಡಿಯಲ್ಲಿ ಹರಿಯುವುದು 10ರಿಂದ 20 ಮಿಲಿಆಂಪಿಯರ್. ಚೊಂಬು ನೀರಿನ ಬದಲು ಒಂದು ಉದ್ಧರಣೆ ಸುರಿದಂತೆ. ಎಂಜಿನ್ ಓಡುತ್ತಿದ್ದರೂ ಆಲ್ಟರ್ನೇಟರ್ ಎಚ್ಚರಗೊಳ್ಳದೆ ಇರಬಹುದು, ಅಥವಾ ಜೋರಾಗಿ ಆಕ್ಸಿಲರೇಟರ್ ಒತ್ತಿದ ಮೇಲೆ ಮಾತ್ರ ಎಚ್ಚರಗೊಳ್ಳಬಹುದು. ಎಲ್‌ಇಡಿಯನ್ನು ಉಲ್ಟಾ ಹಾಕಿದ್ದರೆ ಇನ್ನೂ ಕಷ್ಟ. ಆ ದಾರಿಯಲ್ಲಿ ವಿದ್ಯುತ್ ಹರಿಯುವುದೇ ಇಲ್ಲ, ಕೆಂಪು ದೀಪವೂ ಹತ್ತುವುದಿಲ್ಲ. ಬ್ಯಾಟರಿ ಖಾಲಿಯಾಗುತ್ತಿದೆ, ಹೇಳಬೇಕಾದ ದೀಪವೇ ಮೌನವಾಗಿದೆ. ಹೆಡ್‌ಲೈಟ್, ವೈಪರ್ ಹಾಕಿಕೊಂಡು ಮಳೆಯ ರಾತ್ರಿ ಘಾಟಿ ಇಳಿಯುವಾಗ ಹೀಗಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಎಲ್ಲ ಕಾರಿನಲ್ಲೂ ಹೀಗಾಗುತ್ತದೆ ಎಂದಲ್ಲ. ಕೆಲವು ಕಾರುಗಳಲ್ಲಿ ಬಲ್ಬಿನ ಪಕ್ಕಕ್ಕೆ ಒಂದು ರೆಸಿಸ್ಟರ್ ಜೋಡಿಸಿರುತ್ತಾರೆ, ಬಲ್ಬ್ ಸುಟ್ಟರೂ ಚಾರ್ಜಿಂಗ್ ನಡೆಯಲೆಂದು. ಹೊಸ ಕಾರುಗಳಲ್ಲಿ ಈ ಕೆಲಸವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹಳೆಯ ಕಾರಿನಲ್ಲಿ ಎಲ್‌ಇಡಿಯೇ ಬೇಕು ಎನ್ನುವವರಿಗೆ ಆಟೋ ಎಲೆಕ್ಟ್ರೀಷಿಯನ್ ಇಂಥದೇ ರೆಸಿಸ್ಟರ್ ಹಾಕಿಕೊಡಬಹುದು. ಆದರೆ ಆ ರೆಸಿಸ್ಟರ್ ತಾನೇ ಹೆಚ್ಚುಕಡಿಮೆ ಬಲ್ಬಿನಷ್ಟು ವಿದ್ಯುತ್ ತಿಂದು ಬಿಸಿಯಾಗುತ್ತದೆ. ಬಲ್ಬನ್ನು ತೆಗೆದು, ಬಲ್ಬಿನ ಕೆಲಸ ಮಾಡಲು ಇನ್ನೊಂದನ್ನು ತಂದು ಕೂರಿಸುವ ಈ ಸರ್ಕಸ್ ಬೇಕೇ? ನಮ್ಮ ಅಭಿಪ್ರಾಯದಲ್ಲಿ ಬೇಡ. ಆ ಒಂದು ಬಲ್ಬನ್ನು ಹಾಗೆಯೇ ಬಿಡಿ.

ಇದೇ ಜಾತಿಯ ಇನ್ನೊಂದು ತೊಂದರೆ ಇಂಡಿಕೇಟರ್‌ನದು. ಕೆಲವು ಹಳೆಯ ಗಾಡಿಗಳಲ್ಲಿ, ಮುಖ್ಯವಾಗಿ ಬೈಕುಗಳಲ್ಲಿ, ಎಡಕ್ಕೂ ಬಲಕ್ಕೂ ಸೇರಿ ಮೀಟರಿನಲ್ಲಿ ಒಂದೇ ದೀಪ ಇರುತ್ತದೆ. ಎಡಕ್ಕೆ ಹಾಕಿದಾಗ ಅದರಲ್ಲಿ ವಿದ್ಯುತ್ ಒಂದು ದಿಕ್ಕಿನಲ್ಲಿ, ಬಲಕ್ಕೆ ಹಾಕಿದಾಗ ಎದುರು ದಿಕ್ಕಿನಲ್ಲಿ ಹರಿಯುತ್ತದೆ. ಫಿಲಮೆಂಟ್ ಬಲ್ಬಿಗೆ ದಿಕ್ಕಿನ ಹಂಗಿಲ್ಲ. ಸಾಮಾನ್ಯ ಎಲ್‌ಇಡಿ ಒಂದೇ ದಿಕ್ಕಿನಲ್ಲಿ ಉರಿಯುವುದರಿಂದ ಒಂದು ಬದಿಗೆ ಮಾತ್ರ ಮಿನುಗುತ್ತದೆ.

ನೀಲಿ ಚೆಂದ, ಆದರೆ ಕಣ್ಣಿಗೆ?

ಮೀಟರಿಗೆ ಬಿಳಿ ಎಲ್‌ಇಡಿ ಹಾಕಿದರೂ ಬಣ್ಣ ವಿಚಿತ್ರವಾಗಿ ಬಂತು ಎನ್ನುವ ದೂರು ಸಾಮಾನ್ಯ. ಹಳೆಯ ಮೀಟರುಗಳಲ್ಲಿ ಬಲ್ಬಿಗೆ ಹಸಿರು ಅಥವಾ ನೀಲಿ ರಬ್ಬರ್ ಟೊಪ್ಪಿಗೆಯೋ, ಅಂಕಿಗಳ ಹಿಂದೆ ಬಣ್ಣದ ಹಾಳೆಯೋ ಇರುತ್ತದೆ. ಫಿಲಮೆಂಟಿನ ಬೆಳಕಿನಲ್ಲಿ ಕೆಂಪು, ಹಳದಿ ಧಾರಾಳವಾಗಿದೆ. ಬಿಳಿ ಎಲ್‌ಇಡಿ ಎಂದರೆ ಬಹುತೇಕ ಒಂದು ನೀಲಿ ಎಲ್‌ಇಡಿ, ಅದರ ಮೇಲೆ ಹಳದಿ ಬೆಳಕು ಕೊಡುವ ಲೇಪ. ಅದರಲ್ಲಿ ಕೆಂಪಿನ ಪಾಲು ಕಡಿಮೆ. ಹಾಗಾಗಿ ಕೆಂಪು ಹಾಳೆಯ ಹಿಂದೆ ಬಿಳಿ ಎಲ್‌ಇಡಿ ಇಟ್ಟರೆ ಮಂಕಾಗಿಯೇ ಕಾಣುತ್ತದೆ. ಹಾಳೆಯ ಬಣ್ಣ ಯಾವುದೋ ಅದೇ ಬಣ್ಣದ ಎಲ್‌ಇಡಿ ಹಾಕುವುದು ಸರಿ. (ಈ ನೀಲಿ ಎಲ್‌ಇಡಿ ಕಂಡುಹಿಡಿದ ಅಕಸಾಕಿ, ಅಮಾನೊ ಮತ್ತು ನಕಮುರಾ ಅವರಿಗೆ 2014ರ ಭೌತವಿಜ್ಞಾನ ನೊಬೆಲ್ ಬಂದಿದೆ. ಅದಿಲ್ಲದಿದ್ದರೆ ನಿಮ್ಮ ಮನೆಯ ಬಿಳಿ ಎಲ್‌ಇಡಿ ಬಲ್ಬೂ ಇರುತ್ತಿರಲಿಲ್ಲ.)

ಇನ್ನು ಕಣ್ಣಿನ ವಿಷಯ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಬೇಕು. ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ಕಣ್ಣಿನ ಕೋಶಗಳಿಗೆ ನೀಲಿ-ಹಸಿರು ಬೆಳಕು ಚೆನ್ನಾಗಿ ತಟ್ಟುತ್ತದೆ, ಕೆಂಪು ಅಷ್ಟಾಗಿ ತಟ್ಟುವುದಿಲ್ಲ. ವಿಮಾನದ ಕಾಕ್‌ಪಿಟ್, ಜಲಾಂತರ್ಗಾಮಿಗಳಲ್ಲಿ ಕೆಂಪು ದೀಪ ಬಳಸಿದ್ದು ಈ ಕಾರಣಕ್ಕೇ. ಬಿಎಂಡಬ್ಲ್ಯು ಕಾರುಗಳ ಮೀಟರ್ ವರ್ಷಗಟ್ಟಲೆ ಕಿತ್ತಳೆ ಬಣ್ಣದಲ್ಲೇ ಇತ್ತು. ಮುಖದ ಮುಂದೆ ಪ್ರಖರ ನೀಲಿ ಹೊಳೆಯುತ್ತಿದ್ದರೆ ದೀಪವಿಲ್ಲದ ರಸ್ತೆಯಲ್ಲಿ ಅಂಚಿಗೆ ನಡೆದುಹೋಗುವವರು ಕಾಣುವುದು ಕಷ್ಟವಾಗುತ್ತದೆ. ಗಾಜಿನಲ್ಲಿ ಪ್ರತಿಬಿಂಬದ ಕಾಟ ಬೇರೆ.

ಬೆಳಕು ತಗ್ಗಿಸಿಕೊಂಡರಾಯಿತು ಎನ್ನುತ್ತೀರಾ? ಹಳೆಯ ಕಾರುಗಳಲ್ಲಿ ಮೀಟರ್ ಬೆಳಕು ತಗ್ಗಿಸುವ ಗುಂಡಿ ಫಿಲಮೆಂಟ್ ಬಲ್ಬಿನ ಲೆಕ್ಕಕ್ಕೆ ಮಾಡಿದ ರೆಸಿಸ್ಟರ್. ಎಲ್‌ಇಡಿ ಎಳೆಯುವ ವಿದ್ಯುತ್ ಅಷ್ಟು ಕಡಿಮೆ ಇರುವುದರಿಂದ ಗುಂಡಿ ಎಷ್ಟು ತಿರುಗಿಸಿದರೂ ಬೆಳಕು ಹೆಚ್ಚು ತಗ್ಗುವುದಿಲ್ಲ. ಬೆಳಕನ್ನು ವೇಗವಾಗಿ ಆರಿಸಿ-ಹೊತ್ತಿಸಿ ತಗ್ಗಿಸುವ ಹೊಸ ಬಗೆಯ ಡಿಮ್ಮರ್ ಇದ್ದರೆ ಈ ತೊಂದರೆ ಇಲ್ಲ.

ಎಚ್ಚರಿಕೆ ದೀಪಗಳ ಬಣ್ಣವನ್ನಂತೂ ಬದಲಿಸಲೇಬೇಡಿ. ಕೆಂಪು ಎಂದರೆ ಅಪಾಯ, ಹಳದಿ ಎಂದರೆ ಗಮನಿಸಿ, ಹೈಬೀಮ್‌ಗೆ ನೀಲಿ. ಇದು ಜಗತ್ತಿನ ಎಲ್ಲ ಕಂಪನಿಗಳೂ ಪಾಲಿಸುವ ಪದ್ಧತಿ, ಐಎಸ್‌ಒ 2575 ಎಂಬ ಮಾನದಂಡದಲ್ಲಿ ಬರೆದಿಟ್ಟದ್ದು. ನಿಮ್ಮ ಕಾರನ್ನು ನಾಳೆ ನಿಮ್ಮ ಮಗಳೋ ಭಾವನೋ ಓಡಿಸಿದಾಗ ಆಯಿಲ್ ದೀಪ ಬಿಳಿಯಾಗಿ ಹತ್ತಿದರೆ ಅವರಿಗೆ ಏನು ತಿಳಿಯಬೇಕು?

ಬಿಸಿ ಮತ್ತು ಆಯುಷ್ಯ

ಎಲ್‌ಇಡಿಯೂ ಬಿಸಿಯಾಗುತ್ತದೆ, ಫಿಲಮೆಂಟಿಗಿಂತ ಬಹಳ ಕಡಿಮೆ ಅಷ್ಟೆ. ಈ ಒಂದು ಮಾತಿನಲ್ಲಿ ಫಾರ್ವರ್ಡ್‌ಗಳ ಕಡೆ ಸ್ವಲ್ಪ ನ್ಯಾಯವಿದೆ. ಹೆಚ್ಚು ಬೆಳಕಿನ ಆಸೆಗೆ 1.2 ವ್ಯಾಟ್ ಜಾಗಕ್ಕೆ 5 ವ್ಯಾಟ್ ಫಿಲಮೆಂಟ್ ಬಲ್ಬ್ ತುರುಕಿ ಮೀಟರಿನ ಪ್ಲಾಸ್ಟಿಕ್ ಕರಗಿಸಿಕೊಳ್ಳುವುದಕ್ಕಿಂತ ಎಲ್‌ಇಡಿ ಖಂಡಿತ ಮೇಲು.

50,000 ಗಂಟೆಯ ಆಯುಷ್ಯ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ, ದಿನಕ್ಕೆ ಎರಡು ಗಂಟೆಯಂತೆ 68 ವರ್ಷ. ನಗು ಬರುವುದು ಸಹಜ. ಕಾರಿನ ವೋಲ್ಟೇಜ್ 12 ಎಂದು ಹೇಳಿದರೂ ಎಂಜಿನ್ ಓಡುವಾಗ 14 ದಾಟುತ್ತದೆ. ಅಗ್ಗದ ಎಲ್‌ಇಡಿಗಳಲ್ಲಿ ಮೂರು ಚಿಪ್ ಮತ್ತು ಒಂದು ರೆಸಿಸ್ಟರ್ ಮಾತ್ರ ಇರುತ್ತದೆ. ಮೂರು ಚಿಪ್ಪಿಗೆ 9 ವೋಲ್ಟ್ ಹೋದರೆ ರೆಸಿಸ್ಟರ್ ಪಾಲಿಗೆ 12ರಲ್ಲಿ ಉಳಿಯುವುದು 3, 14.4ರಲ್ಲಿ ಉಳಿಯುವುದು 5.4. ಅಂದರೆ ಹರಿಯುವ ವಿದ್ಯುತ್ ಇಮ್ಮಡಿಯ ಹತ್ತಿರ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಶಾಖವನ್ನೂ ಸೇರಿಸಿಕೊಳ್ಳಿ. ಕೆಲವೇ ತಿಂಗಳಲ್ಲಿ ಒಂದೊಂದಾಗಿ ಮಿಣುಕಲು ಶುರುಮಾಡಿದರೆ ಆಶ್ಚರ್ಯವಿಲ್ಲ.

ಹಾಕುವುದೇ ಆದರೆ

ಹಿಂಬೆಳಕಿನ ಬಲ್ಬುಗಳನ್ನು ಮಾತ್ರ ಬದಲಿಸಿ. ಬೆಳಕು ಒಂದೇ ಕಡೆ ಚೆಲ್ಲುವ ಎಲ್‌ಇಡಿ ಹಾಕಿದರೆ ಸ್ಪೀಡೋಮೀಟರಿನ 60 ಹೊಳೆದು 100 ಕತ್ತಲಲ್ಲಿ ಉಳಿಯುತ್ತದೆ, ಆದ್ದರಿಂದ ಸುತ್ತಲೂ ಬೆಳಕು ಹರಡುವಂಥದ್ದನ್ನೇ ಕೇಳಿ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಟ್ಟು ಕೆಲಸ ಶುರುಮಾಡಿ. ಏರ್‌ಬ್ಯಾಗ್ ಇರುವ ಕಾರಾದರೆ ಸ್ಟೀರಿಂಗ್ ಸುತ್ತಮುತ್ತ ನೀವೇ ಬಿಚ್ಚಬೇಡಿ, ಸರ್ವಿಸ್ ಸೆಂಟರ್‌ಗೆ ಬಿಡಿ. ಮೀಟರ್ ಮುಚ್ಚುವ ಮೊದಲು ತಂತಿ ಮತ್ತೆ ಜೋಡಿಸಿ, ದೀಪದ ಸ್ವಿಚ್ ಹಾಕಿ ನೋಡಿ. ಯಾವುದಾದರೂ ಎಲ್‌ಇಡಿ ಉರಿಯದಿದ್ದರೆ ಅದನ್ನು ತೆಗೆದು ತಿರುಗಿಸಿ ಹಾಕಿ, ಹೆಚ್ಚಿನ ಸಲ ಪ್ಲಸ್-ಮೈನಸ್ ಅದಲುಬದಲಾಗಿರುತ್ತದೆ ಅಷ್ಟೆ.

ಎಲ್ಲ ಮುಗಿದ ಮೇಲೆ ಎಂಜಿನ್ ಶುರುಮಾಡದೆ ಕೀ ಮಾತ್ರ ತಿರುಗಿಸಿ. ಬ್ಯಾಟರಿ, ಆಯಿಲ್ ದೀಪಗಳು ಹತ್ತಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಮಲ್ಟಿಮೀಟರ್ ಇದ್ದರೆ ಬ್ಯಾಟರಿಯ ಎರಡು ತುದಿಗೆ ಹಿಡಿಯಿರಿ: ಎಂಜಿನ್ ನಿಂತಿರುವಾಗ 12.6ರ ಆಸುಪಾಸು, ಓಡುವಾಗ 13.8ರಿಂದ 14.4 ವೋಲ್ಟ್ ಬಂದರೆ ಚಾರ್ಜಿಂಗ್ ಸರಿಯಾಗಿದೆ. ಎಂಜಿನ್ ಓಡುತ್ತಿರುವಾಗಲೂ 12ರಲ್ಲೇ ನಿಂತಿದ್ದು ನಿಧಾನವಾಗಿ ಇಳಿಯುತ್ತಿದ್ದರೆ, ಹಳೆಯ ಬಲ್ಬನ್ನು ಮತ್ತೆ ಅದರ ಹೋಲ್ಡರಿಗೆ ಹಾಕಿ ಇನ್ನೊಮ್ಮೆ ಅಳೆಯಿರಿ. ತೆಗೆದ ಬಲ್ಬುಗಳನ್ನು ಎಸೆಯಬೇಡಿ ಎನ್ನುವುದು ಇದಕ್ಕೇ.