ಘಾಟಿ ಏರುವಾಗ ಮುಖ ತಿರುಗಿಸುವ ಗಾಳಿ

ಮಲೆನಾಡಿನವರಾದ ನಮಗೆ ವಾಹನದೊಳಗಿನ ತಂಗಾಳಿಯ ಯಂತ್ರವೆಂಬುದು ತೀರ ಈಚಿನ ನೆಂಟ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ನಡುವೆ ಆಯುಷ್ಯದ ಬಹುಭಾಗವನ್ನು ಬಸ್ಸಿನಲ್ಲಿಯೇ ಕಳೆದ ನನ್ನಂಥವನಿಗೆ ಬೇಸಗೆಯಲ್ಲಿ ತೆರೆದ ಕಿಟಕಿ, ಮಳೆಗಾಲದಲ್ಲಿ ಅದೇ ಕಿಟಕಿಗೆ ಇಳಿಬಿಟ್ಟ ಟಾರ್ಪಾಲಿನ ಪರದೆ, ಇವೆರಡೇ ಹವಾನಿಯಂತ್ರಣ ವ್ಯವಸ್ಥೆಗಳಾಗಿದ್ದವು. ಆದರೂ ಈ ತಂಗಾಳಿಯ ಯಂತ್ರದ ಒಂದು ರೋಗಕ್ಕೂ ನಮ್ಮ ಸೀಮೆಯ ಮೋಟಾರು ಚರಿತ್ರೆಗೂ ಹತ್ತಿರದ ಸಂಬಂಧವುಂಟೆಂದು ಕಳೆದ ಬೇಸಗೆಯಲ್ಲಿ ನನಗೆ ತಿಳಿದುಬಂತು. ಇತಿಹಾಸ ಪಾಠ ಮಾಡುತ್ತಿದ್ದವನು ಯಂತ್ರಶಾಸ್ತ್ರಕ್ಕೇಕೆ ಕೈ ಹಾಕಿದನೆಂದು ನನ್ನ ಹಳೆಯ ವಿದ್ಯಾರ್ಥಿಗಳು ನಗಬಾರದು. ಯಂತ್ರಗಳಿಗೂ ವಂಶಾವಳಿಯಿದೆ.

ಮೊದಲು ನಮ್ಮ ದಾರಿಗಳ ಮಾತು. ನರಸಿಂಹರಾಜಪುರವು ಯೆಡೇಹಳ್ಳಿಯಾಗಿದ್ದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದರು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಆ ಊರು ಪಡೆದದ್ದು, ತರೀಕೆರೆಯಿಂದ ಅಲ್ಲಿಗೆ ಎರಡಡಿ ಅಂತರದ ಪುಟ್ಟ ಹಳಿಗಳ ಮೇಲೆ ಟ್ರಾಮು ಬಂದದ್ದು, ಎಲ್ಲವೂ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಸಂಗತಿಗಳು. ಆ ಹಳಿಗಳು ಈಗಿಲ್ಲ. ಕೊಪ್ಪಕ್ಕಾಗಲಿ ಶೃಂಗೇರಿಗಾಗಲಿ ರೈಲು ಬರಲೇ ಇಲ್ಲವಾದ್ದರಿಂದ ನಮ್ಮ ಪಾಲಿಗೆ ಚಕ್ರವೆಂದರೆ ಮೊದಲು ಎತ್ತಿನ ಗಾಡಿಯದು, ಅನಂತರ ಬಸ್ಸಿನದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಇದ್ದಿಲ ಬಸ್ಸುಗಳು ಓಡಿದವು. ಬಸ್ಸಿನ ಬೆನ್ನಿಗೆ ಒಂದು ಉಕ್ಕಿನ ಒಲೆ. ಅದರಲ್ಲಿ ಇದ್ದಿಲು ತುಂಬಿ, ಕ್ಲೀನರನು ಗಾಳಿಯ ಹಿಡಿಕೆಯನ್ನು ತಿರುಗಿಸಿ ತಿರುಗಿಸಿ ಕೆಂಡ ಮಾಡಿದರೆ, ಅರೆಬೆಂದ ಇದ್ದಿಲಿನ ಅನಿಲವು ಕೊಳವೆಯ ಮೂಲಕ ಇಂಜಿನ್ನಿಗೆ ಹೋಗುತ್ತಿತ್ತು. ಪೆಟ್ರೋಲಿನ ಶಕ್ತಿ ಅದಕ್ಕೆಲ್ಲಿಯದು? ಏರು ಬಂದೊಡನೆ ಪ್ರಯಾಣಿಕರು ಇಳಿದು ತಳ್ಳಬೇಕಾಗಿತ್ತು. ನನ್ನ ತಂದೆಯವರು ಇದನ್ನು ವರ್ಣಿಸುವಾಗ ಟಿಕೆಟ್ಟಿನ ಹಣ ಕೊಟ್ಟು ಕೂಲಿ ಮಾಡಿದ ಕಾಲವೆಂದು ಹೇಳುತ್ತಿದ್ದರು.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರವು 120 ಬಸ್ಸುಗಳೊಡನೆ ತನ್ನದೇ ಸಾರಿಗೆ ಇಲಾಖೆಯನ್ನು ಆರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. ಆದರೆ ನಮ್ಮ ಮೂರು ತಾಲ್ಲೂಕುಗಳ ಒಳದಾರಿಗಳಲ್ಲಿ ಖಾಸಗಿ ಬಸ್ಸಿನದೇ ಆಳ್ವಿಕೆ. ಕೊಪ್ಪದ ಶಂಕರ್ ಕಂಪನಿಯ ಬಸ್ಸಿನಲ್ಲಿ ಕುಳಿತು ಶಾಲೆಗೆ ಬಂದವರು ಈ ಪುಟವನ್ನು ಓದುವವರಲ್ಲಿ ಅನೇಕರಿದ್ದೀರಿ. ಡ್ರೈವರನ ಪಕ್ಕದ ಬಾನೆಟ್ಟಿನ ಮೇಲೆ ಕೂರಲು ಎಷ್ಟು ಪೈಪೋಟಿ! ಆಷಾಢದ ಮಳೆಯಲ್ಲಿ ನೆನೆದು ಬಂದ ಮಕ್ಕಳಿಗೆ ಅದು ಬೆಚ್ಚನೆಯ ಒಲೆಕಟ್ಟೆ. ಮಾರ್ಚ್ ತಿಂಗಳ ಪರೀಕ್ಷೆಯ ವೇಳೆಗೆ ಅದೇ ಸ್ಥಳವು ಕಾದ ಕಾವಲಿ.

ಮಳೆಯ ಮಾತು ಬಂದುದರಿಂದ ಗಾಜು ಒರೆಸುವ ಕಡ್ಡಿಯ ವಿಷಯಕ್ಕೆ ಬರುತ್ತೇನೆ. ನನ್ನ ಕಥೆಯ ಬೇರು ಅಲ್ಲಿದೆ. ಹಳೆಯ ವಿಲ್ಲೀಸ್ ಜೀಪುಗಳಲ್ಲಿ ವೈಪರ್ ವಿದ್ಯುತ್ತಿನಿಂದ ಆಡುತ್ತಿರಲಿಲ್ಲ, ನಿರ್ವಾತದಿಂದ ಆಡುತ್ತಿತ್ತು. ಪೆಟ್ರೋಲ್ ಇಂಜಿನ್ನು ಗಾಳಿಯನ್ನು ಒಳಕ್ಕೆ ಹೀರುವಾಗ ಅದರ ಕಂಠದ ಬಾಗಿಲು ಅರೆ ಮುಚ್ಚಿದ್ದರೆ ಒಳಗೆ ಸೆಳೆತ ಹುಟ್ಟುತ್ತದೆ. ಆ ಸೆಳೆತವನ್ನು ಸಣ್ಣ ರಬ್ಬರ್ ಕೊಳವೆಯಲ್ಲಿ ತಂದು ಕಡ್ಡಿಯನ್ನು ಆಡಿಸುತ್ತಿದ್ದರು. ಆಟೋ ಫಾನ್ ಗೆರಿಕ್ ಎಂಬಾತನು ಗಾಳಿ ತೆಗೆದ ಎರಡು ಅರ್ಧಗೋಳಗಳನ್ನು ಕುದುರೆಗಳಿಂದ ಎಳೆಸಿದ ಕಥೆಯನ್ನು ನಿಮಗೆ ಪಕ್ಕದ ಕೊಠಡಿಯ ವಿಜ್ಞಾನದ ಮೇಷ್ಟ್ರು ಹೇಳಿರಬಹುದು. ಅದೇ ಬಲ, ಇಲ್ಲಿ ಗಾಜು ಒರೆಸುವ ಚಾಕರಿಗೆ. ತೊಂದರೆಯೇನೆಂದರೆ, ಏರು ಹತ್ತಲು ಡ್ರೈವರನು ಆಕ್ಸಿಲರೇಟರನ್ನು ಪೂರ್ತಿ ಒತ್ತಿದೊಡನೆ ಆ ಕಂಠದ ಬಾಗಿಲು ಪೂರ್ತಿ ತೆರೆದು ಸೆಳೆತವೇ ಇಲ್ಲವಾಗುತ್ತದೆ. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ತಿರುವುಗಳನ್ನು ಏರುವಾಗ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಜಾಗದಲ್ಲಿ, ಕಡ್ಡಿಯು ಗಾಜಿನ ನಡುವೆ ಸುಮ್ಮನೆ ನಿಂತುಬಿಡುವುದು! ಬಲ್ಲ ಡ್ರೈವರರು ತಿರುವಿನಲ್ಲಿ ಕ್ಷಣಮಾತ್ರ ಕಾಲು ಸಡಿಲಿಸಿ, ಕಡ್ಡಿ ಒಂದೆರಡು ಸಲ ಆಡಿದ ಮೇಲೆ ಮತ್ತೆ ಒತ್ತುತ್ತಿದ್ದರು. ಉಳಿದವರು ಹೊಗೆಸೊಪ್ಪನ್ನು ಗಾಜಿಗೆ ಉಜ್ಜಿ, ನೀರು ಹನಿಗಟ್ಟದಂತೆ ಮಾಡಿಕೊಂಡು ದೇವರ ಮೇಲೆ ಭಾರ ಹಾಕುತ್ತಿದ್ದರು.

ಇನ್ನು ತಂಗಾಳಿ. 1939ರ ನವೆಂಬರಿನಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿಯು ಷಿಕಾಗೊ ನಗರದ ಪ್ರದರ್ಶನದಲ್ಲಿ ತಂಪು ಮಾಡುವ ಯಂತ್ರವುಳ್ಳ ಕಾರನ್ನು ಇಟ್ಟಿತು. ಅದರ ತಂಪು ಹುಟ್ಟುತ್ತಿದ್ದುದು ಹಿಂದಿನ ಸೀಟಿನ ಬೆನ್ನ ಹಿಂದೆ. ಕಂಪ್ರೆಸರಿಗೆ ಕ್ಲಚ್ಚೇ ಇರಲಿಲ್ಲ. ಬೇಡವೆಂದರೆ ಇಂಜಿನ್ ನಿಲ್ಲಿಸಿ, ಇಳಿದು, ಬೆಲ್ಟನ್ನು ಕೈಯಾರೆ ಬಿಚ್ಚಬೇಕು. ಶ್ರೀಮಂತರು ಆ ಕಾರನ್ನು ಹೆಚ್ಚಾಗಿ ಕೊಳ್ಳದಿದ್ದುದರಲ್ಲಿ ಆಶ್ಚರ್ಯವಿಲ್ಲ. 1954ರಲ್ಲಿ ನ್ಯಾಷ್ ಕಂಪನಿಯು ಎಲ್ಲವನ್ನೂ ಬಾನೆಟ್ಟಿನ ಕೆಳಗೂ ಡ್ಯಾಷ್‌ಬೋರ್ಡಿನ ಒಳಗೂ ಅಡಕಗೊಳಿಸಿತು. ಇಂದಿನ ಕಾರುಗಳ ಏರ್ಪಾಡಿಗೆ ಅದೇ ಹಿರಿಯಜ್ಜ. ಒಳಗೆ ಸುತ್ತುವ ಅನಿಲವು ಓಜೋನ್ ಪದರವನ್ನು ತಿನ್ನುತ್ತದೆಂದು ತಿಳಿದು 1987ರ ಮಾಂಟ್ರಿಯಲ್ ಒಪ್ಪಂದವಾದ ಮೇಲೆ ಅನಿಲ ಬದಲಾಯಿತು, ತತ್ತ್ವ ಬದಲಾಗಲಿಲ್ಲ. ಅನಿಲವನ್ನು ಒತ್ತಿ ಬಿಸಿ ಮಾಡಿ, ಆ ಬಿಸಿಯನ್ನು ಹೊರಗೆ ಚೆಲ್ಲಿ, ದ್ರವವಾದುದನ್ನು ಒಳಗೆ ಹಿಗ್ಗಲು ಬಿಟ್ಟರೆ ಅದು ಸುತ್ತಣ ಶಾಖವನ್ನು ಕುಡಿಯುತ್ತದೆ. ಜೊತೆಗೆ ಗಾಳಿಯ ತೇವವನ್ನೂ ಕಳೆಯುತ್ತದೆ. ನಮ್ಮ ಕಡೆ ಈ ಎರಡನೆಯ ಗುಣವೇ ದೊಡ್ಡದೆಂದು ನನ್ನ ಎಣಿಕೆ. ಜುಲೈ ತಿಂಗಳಲ್ಲಿ ಕೊಪ್ಪದಲ್ಲಿ ಏಸಿ ಹಾಕುವುದು ಸೆಕೆಗಲ್ಲ, ಮಂಜು ಕವಿದ ಗಾಜು ತಿಳಿಯಾಗಲೆಂದು.

ಈಗ ನನ್ನ ತಂಗಿಯ ಮಗನ ಗಾಡಿಗೆ ಬರೋಣ. ಅವನು ಅಮೆರಿಕದ ಅರಿಜೋನಾದಲ್ಲಿರುವನು. ಅಲ್ಲಿ ಮನೆಯನ್ನೇ ಹೊತ್ತು ಓಡುವ ಗಾಡಿಗಳುಂಟು: ಅಡುಗೆ, ಹಾಸಿಗೆ, ಸ್ನಾನ ಎಲ್ಲವೂ ಒಳಗೆ. ಮೋಟಾರ್‌ಹೋಮ್ ಎನ್ನುತ್ತಾರೆ. ಅವನು ಕೊಂಡದ್ದು 1990ರ ದಶಕದ, ಹಳೆಯ ಪೆಟ್ರೋಲ್ ವ್ಯಾನಿನ ಚಾಸಿಸ್ಸಿನ ಮೇಲೆ ಕಟ್ಟಿದ ಗಾಡಿ. ಇಂಥವುಗಳಲ್ಲಿ ತಂಪಿನ ಯಂತ್ರ ಎರಡಿರುತ್ತವೆ. ಮಾಳಿಗೆಯ ಮೇಲಿನದು ಮನೆಯದರಂತೆ. ಅದಕ್ಕೆ ಜನರೇಟರ್ ಬೇಕು. ಡ್ಯಾಷ್‌ಬೋರ್ಡಿನದು ಕಾರಿನಂತೆ ಇಂಜಿನ್ನಿನಿಂದಲೇ ನಡೆಯುತ್ತದೆ. ಇಂಜಿನ್ನಿನ ಗೂಡು ಮುಂದಿನ ಎರಡು ಸೀಟುಗಳ ನಡುವೆಯೇ ಇರುವುದರಿಂದ, ನಮ್ಮ ಬಾನೆಟ್ಟಿನಂತೆಯೇ, ಮುಂದೆ ಕುಳಿತವರಿಗೆ ಈ ಎರಡನೆಯದೇ ಗತಿ.

ಆ ಗಾಡಿಯಲ್ಲಿ ಮುಂದೆ ಕುಳಿತವಳು ನನ್ನ ತಂಗಿ. ವಯಸ್ಸು 71, ಹೃದಯಕ್ಕೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದೆ. ಫೀನಿಕ್ಸ್ ನಗರದಿಂದ ಫ್ಲ್ಯಾಗ್‌ಸ್ಟಾಫಿಗೆ ದಾರಿಯು ಮರಳುಗಾಡಿನಿಂದ ಏರುತ್ತ ಏರುತ್ತ ಸುಮಾರು 2,100 ಮೀಟರಿಗೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲಕ್ಕೆ, ಹೋಗುತ್ತದೆ. ಜೂನ್ ತಿಂಗಳ ಬಿಸಿಲು. ಸಮತಟ್ಟಿನಲ್ಲಿ ಚೆನ್ನಾಗಿ ಬರುತ್ತಿದ್ದ ತಂಗಾಳಿ ಏರು ಬಂದೊಡನೆ ನಿಲ್ಲುತ್ತಿತ್ತು. ಏರು ಮುಗಿದು ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಿತ್ತು. ತಂಗಿಗೆ ಬೆವರಿಳಿದು ಎದೆ ಹಿಡಿದಂತಾಗಿ, ನಡುದಾರಿಯಲ್ಲಿ ಗಾಡಿ ನಿಲ್ಲಿಸಿ ಹಿಂದಕ್ಕೆ ಮರಳಿದರು. ಅಲ್ಲಿಯ ಒಂದು ವರ್ಕ್‌ಶಾಪಿನವರು ಕಂಪ್ರೆಸರ್ ಬದಲಾಯಿಸಬೇಕೆಂದು 1,800 ಡಾಲರಿನ ಲೆಕ್ಕ ಕೊಟ್ಟರಂತೆ.

ಆ ಹುಡುಗ ಫೋನಿನಲ್ಲಿ, “ಮಾವ, ಅಮ್ಮ ಇನ್ನು ಈ ಗಾಡಿ ಹತ್ತುವುದಿಲ್ಲ ಅನ್ನುತ್ತಿದ್ದಾಳೆ” ಎಂದಾಗ ನನ್ನ ಮನಸ್ಸಿಗೆ ಬಂದವನು ನನ್ನ ಹಳೆಯ ವಿದ್ಯಾರ್ಥಿ. ಹೆಸರು ಬರೆಯುವುದು ಅವನಿಗೆ ಇಷ್ಟವಿಲ್ಲ. ಹತ್ತನೆಯ ತರಗತಿಯಲ್ಲಿ ನನ್ನ ವಿಷಯದಲ್ಲಿ ಮೂವತ್ತೈದು ಅಂಕ ದಾಟಲು ಹೆಣಗಿದವನು. ಬಸ್ಸಿನ ಕೆಳಗೆ ಮಲಗಿ ಮೂರು ದಶಕ ಕಳೆದವನು. ಅವನನ್ನು ಮನೆಗೆ ಕರೆಸಿ, ಬೆಳಗಿನ ಏಳು ಗಂಟೆಗೆ, ಅವರಿಗೆ ಹಿಂದಿನ ಸಂಜೆ ಆರೂವರೆ, ವಿಡಿಯೋ ಕರೆ ಮಾಡಿಸಿದೆ.

ಅವನು ಕೇಳಿದ ಮೊದಲ ಪ್ರಶ್ನೆ ನನಗೆ ಬಹಳ ಮೆಚ್ಚಿಗೆಯಾಯಿತು. “ಗಾಳಿ ನಿಲ್ಲುತ್ತದೋ, ಬೇರೆ ಕಡೆ ಹೋಗುತ್ತದೋ?” ಹುಡುಗನಿಗೆ ಗೊತ್ತಿರಲಿಲ್ಲ. “ನಾಳೆ ಏರು ಹತ್ತುವಾಗ ಪಕ್ಕದಲ್ಲಿ ಕೂತವರು ಮುಂದಿನ ಗಾಜಿನ ಬುಡದಲ್ಲಿ ಕೈ ಇಟ್ಟು ನೋಡಲಿ. ಫ್ಯಾನಿನ ಸದ್ದು ಬದಲಾಗುತ್ತದಾ ಅದನ್ನೂ ಕೇಳಿಸಿಕೊಳ್ಳಿ.” ಮರುದಿನ ಉತ್ತರ ಬಂತು: ಫ್ಯಾನಿನ ಸದ್ದು ಹಾಗೆಯೇ ಇದೆ, ಗಾಳಿಯೆಲ್ಲ ಗಾಜಿಗೆ ಹೋಗುತ್ತಿದೆ, ಅದೂ ತಣ್ಣಗಿದೆ. ಆತನು ನಕ್ಕು, “ಹಾಗಾದರೆ ಕಂಪ್ರೆಸರ್ ಮುಟ್ಟಬೇಡಿ. ಅದು ಬಿಟ್ಟುಕೊಂಡಿದ್ದರೆ ಗಾಜಿನ ಹತ್ತಿರದ ಗಾಳಿ ಬಿಸಿಯಾಗಬೇಕಿತ್ತು. ಇದು ವ್ಯಾಕಮ್ ರೋಗ. ಸಾರ್, ಇದು ನಮ್ಮ ಹಳೇ ಜೀಪಿನ ವೈಪರ್ ಕಥೆ” ಎಂದನು.

ಸಂಗತಿ ಇಷ್ಟೆ. ಆ ಕಾಲದ ಅಮೆರಿಕದ ವ್ಯಾನುಗಳಲ್ಲಿ ಗಾಳಿಯನ್ನು ಮುಖಕ್ಕೋ ಕಾಲಿಗೋ ಗಾಜಿಗೋ ತಿರುಗಿಸುವ ಒಳಬಾಗಿಲುಗಳನ್ನು ಎಳೆಯುವುದು ಇಂಜಿನ್ನಿನ ಸೆಳೆತವೇ. ಸೆಳೆತ ಇಲ್ಲವಾದರೆ ಸ್ಪ್ರಿಂಗು ಬಾಗಿಲನ್ನು ಗಾಜಿನ ಕಡೆಗೆ ತಿರುಗಿಸಿಬಿಡುತ್ತದೆ. ಇದನ್ನು ರೂಪಿಸಿದವರ ವಿವೇಕಕ್ಕೆ ತಲೆದೂಗಬೇಕು: ಏನು ಕೆಟ್ಟರೂ ಡ್ರೈವರನ ಕಣ್ಣೆದುರಿನ ಗಾಜು ತಿಳಿಯಾಗಿರಲಿ ಎಂದು. ಏರಿನಲ್ಲಿ ಸೆಳೆತ ಕುಗ್ಗುವುದು ಅವರಿಗೂ ಗೊತ್ತಿದ್ದುದರಿಂದ ಒಂದು ಸಣ್ಣ ಡಬ್ಬಿಯಲ್ಲಿ ಸೆಳೆತವನ್ನು ಕೂಡಿಟ್ಟುಕೊಳ್ಳುವ ಏರ್ಪಾಡು ಮಾಡಿ, ಅದು ಹಿಂದಕ್ಕೆ ಸೋರದಂತೆ ಒಂದೇ ದಿಕ್ಕಿಗೆ ತೆರೆಯುವ ವಾಲ್ವ್ ಇಟ್ಟಿದ್ದಾರೆ. ಅಂದ ಮೇಲೆ ಡಬ್ಬಿ, ವಾಲ್ವ್, ಕೊಳವೆ, ಮುಂದಿನ ಸ್ವಿಚ್ಚು, ಇವುಗಳಲ್ಲಿ ಎಲ್ಲಿಯೋ ಸೋರಿಕೆ.

ಪರೀಕ್ಷೆಗೆ ಘಾಟಿ ಹತ್ತಬೇಕಿರಲಿಲ್ಲ. ನಿಂತಲ್ಲಿಯೇ ಇಂಜಿನ್ ಚಾಲೂ ಮಾಡಿ, ಗಾಳಿಯನ್ನು ಮುಖದ ಕಡೆಗಿಟ್ಟು, ಇಂಜಿನ್ ಮಾತ್ರ ನಿಲ್ಲಿಸಿ ಫ್ಯಾನು ಓಡುವಂತೆ ಕೀಲಿಯನ್ನು ತಿರುಗಿಸಿಡಬೇಕು. ಡಬ್ಬಿ ಸರಿಯಿದ್ದರೆ ಗಾಳಿ ಕೆಲವು ನಿಮಿಷ ಮುಖದ ಕಡೆಗೇ ಬರುತ್ತಿರಬೇಕು. ಇಲ್ಲಿ ಹತ್ತು ಎಣಿಸುವುದರೊಳಗೆ ಗಾಜಿಗೆ ಹೋಯಿತು. ವಾಲ್ವನ್ನು ಬಿಚ್ಚಿ ಬಾಯಿಂದ ಊದಿಸಿದನು. ಒಂದು ಕಡೆಯಿಂದ ಮಾತ್ರ ಹೋಯಿತು, ಅದು ನಿರ್ದೋಷಿ. ಡಬ್ಬಿಯ ಒಂದು ಮೂತಿಯನ್ನು ಮುಚ್ಚಿ ಇನ್ನೊಂದನ್ನು ಹೀರಿ ನಾಲಗೆ ಒತ್ತಲು ಹೇಳಿದನು. ನಾಲಗೆ ಕಚ್ಚಿ ಹಿಡಿಯಿತು, ಅದೂ ನಿರ್ದೋಷಿ. ಕೊನೆಗೆ ಸಿಕ್ಕಿದ್ದು ಡಬ್ಬಿಗೂ ಕೊಳವೆಗೂ ನಡುವಣ ಮೊಣಕೈಯಂಥ ರಬ್ಬರ್ ತುಂಡು. ಇಂಜಿನ್ನಿನ ಕಾವಿಗೆ ಒಣಗಿ, ಕೆಳಭಾಗದಲ್ಲಿ, ಕನ್ನಡಿ ಹಿಡಿದರಷ್ಟೇ ಕಾಣುವಂತೆ ಬಿರಿದಿತ್ತು. ಹೊಸದಕ್ಕೆ ತಗುಲಿದ್ದು ಆರು ಡಾಲರು. (ಅಳಿಯನ ನಾಲಗೆಯ ಮೇಲೆ ಎರಡು ದಿನ ಕೆಂಪು ಗುರುತಿತ್ತೆಂದು ತಂಗಿ ನಗುತ್ತ ಹೇಳಿದಳು. ಮುಂದಿನ ವಾರ ಅವಳೇ ಮುಂದಿನ ಸೀಟಿನಲ್ಲಿ ಕುಳಿತು ಫ್ಲ್ಯಾಗ್‌ಸ್ಟಾಫ್ ನೋಡಿ ಬಂದಳು.)

ಅಮೆರಿಕದ ಅಂಥ ಗಾಡಿಯನ್ನು ಕಣ್ಣಿನಿಂದಲೂ ಕಾಣದವನಿಗೆ ಇದು ಹೇಗೆ ತಿಳಿಯಿತು? ನಾನು ಕೇಳಿದ್ದಕ್ಕೆ ಅವನು ಬ್ರೇಕಿನ ವಿಷಯ ಹೇಳಿದನು. ಡೀಸಲ್ ಇಂಜಿನ್ನಿಗೆ ಪೆಟ್ರೋಲಿನದರಂತೆ ತಾನಾಗಿ ಸೆಳೆತ ಹುಟ್ಟದು. ಬೇರೆ ಪಂಪು ಬೇಕು. ಮಿನಿ ಬಸ್ಸುಗಳಲ್ಲಿ ಆ ಪಂಪಿನ ಸೆಳೆತವೇ ಬ್ರೇಕಿಗೆ ನೆರವು. ಆಗುಂಬೆಯ ತಿರುವಿನಲ್ಲಿ ಒಂದು ರಬ್ಬರ್ ಕೊಳವೆ ಬಿರಿದರೆ ಬ್ರೇಕು ಕಲ್ಲಾಗುತ್ತದೆ. “ಅಲ್ಲಿ ಬೆವರಲ್ಲ ಸಾರ್, ಜೀವ” ಎಂದನು. ಆದುದರಿಂದ ಪ್ರತಿ ಕೊಳವೆಯನ್ನೂ ಕೈಯಿಂದ ಸವರಿ, ಬಗ್ಗಿಸಿ ನೋಡಿ ಬಸ್ಸನ್ನು ದಾರಿಗೆ ಬಿಡುವುದು ಅವರ ವರ್ಕ್‌ಶಾಪಿನ ರೂಢಿಯಾಗಿತ್ತು.

ಆ ವರ್ಕ್‌ಶಾಪು ಸಹಕಾರ ಸಾರಿಗೆಯದು. 1991ರಲ್ಲಿ ಶಂಕರ್ ಕಂಪನಿ ನಿಂತಾಗ ಅದರ ಡ್ರೈವರರು, ಕಂಡಕ್ಟರರು, ಮೆಕ್ಯಾನಿಕ್ಕುಗಳು ಸೇರಿ ತಾವೇ ಒಂದು ಸಂಘ ಕಟ್ಟಿದರು. ದುಡಿಯುವವರೇ ಒಡೆಯರು. ಬೆರಳೆಣಿಕೆಯ ಬಸ್ಸುಗಳಿಂದ ಮೊದಲಾದುದು ಬೆಳೆದು, ಸರ್ಕಾರಿ ಬಸ್ಸು ಕಾಣದ ಒಳಹಳ್ಳಿಗಳಿಗೂ ಹೋಯಿತು. ವಿದ್ಯಾರ್ಥಿಗಳಿಗೆ ರಿಯಾಯಿತಿಯ ಪಾಸು ಕೊಟ್ಟಿತು. ನನ್ನ ತರಗತಿಯ ಹಾಜರಿ ಪುಸ್ತಕವೇ ಅದಕ್ಕೆ ಸಾಕ್ಷಿ: ಆ ಬಸ್ಸು ತಡವಾದ ದಿನ ಹಿಂದಿನ ಎರಡು ಬೆಂಚುಗಳು ಖಾಲಿ. ಡೀಸಲ್ಲಿನ ಬೆಲೆ ಏರುತ್ತ, ಖರ್ಚು ಆದಾಯವನ್ನು ಮೀರುತ್ತ ಹೋಗಿ 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. ಮುಂದಿನ ತಿಂಗಳು ಕೊರೋನಾ ಬಂದು ದೇಶವೇ ನಿಂತಿತಾದ್ದರಿಂದ ನಮ್ಮ ಸೀಮೆಯ ಈ ನಷ್ಟವನ್ನು ಹೊರಗಿನವರು ಗಮನಿಸುವಷ್ಟರಲ್ಲಿ ಹಳೆಯ ಸುದ್ದಿಯಾಗಿಬಿಟ್ಟಿತು. ಬಸ್ಸುಗಳ ಸಂಖ್ಯೆಯನ್ನೂ ಸಾಲದ ಮೊತ್ತವನ್ನೂ ಬರೆಯುವವರು ಸಿಕ್ಕುತ್ತಾರೆ. ಅವುಗಳ ಕೆಳಗೆ ಮಲಗಿದ್ದವರ ಕೈಗೆ ಏನೇನು ಗೊತ್ತಿತ್ತೆಂಬುದನ್ನು ಯಾರೂ ಬರೆದಿಟ್ಟಿಲ್ಲ.

ನನ್ನ ಶಿಷ್ಯನು ಈಗ ಮನೆಯ ಜಗುಲಿಯಲ್ಲಿ ಅಡಿಕೆಗೆ ಔಷಧಿ ಹೊಡೆಯುವ ಪಂಪುಗಳನ್ನೂ ಕಳೆ ಕೊಚ್ಚುವ ಯಂತ್ರಗಳನ್ನೂ ರಿಪೇರಿ ಮಾಡುತ್ತಾನೆ. ವಾರಕ್ಕೊಮ್ಮೆ ಬಂದು ಕುಳಿತು ಅವನು ಹೇಳಿದ್ದನ್ನು ನಾನು ನೂರು ಪುಟದ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ಈಗ ಮೂವತ್ತೆಂಟನೆಯ ಪುಟದಲ್ಲಿದ್ದೇವೆ, ರೇಡಿಯೇಟರ್ ಕುದಿಯುವ ಅಧ್ಯಾಯ. ಶಂಕರ್ ಕಂಪನಿಯಲ್ಲೋ ಸಹಕಾರ ಸಾರಿಗೆಯಲ್ಲೋ ದುಡಿದವರು ನಿಮ್ಮ ಮನೆಗಳಲ್ಲಿದ್ದರೆ, ಅವರ ಹಳೆಯ ಫೋಟೊ, ಟಿಕೆಟ್ ಪುಸ್ತಕ, ಉಪಕರಣದ ಪೆಟ್ಟಿಗೆ ಏನಾದರೂ ಉಳಿದಿದ್ದರೆ, ದಯವಿಟ್ಟು ತಿಳಿಸಿರಿ. ಕೊಪ್ಪದ ಆಸುಪಾಸಿನವರಾದರೆ ನಾನೇ ಬಂದು ನೋಡುತ್ತೇನೆ.